ಕರೆಂಟಿಗೆ ಹಗ್ಗ ಸುತ್ತಿದವರು

ಮೊದಲು ಅವರ ಧ್ವನಿ ಬರುತ್ತಿತ್ತು, ಜೀಪು ಆಮೇಲೆ. ಜೀಪು ಇನ್ನೂ ತಿರುವಿನಲ್ಲಿರುವಾಗಲೇ ಡ್ರೈವರನ ಜೊತೆ ಅವರು ಮಾಡುತ್ತಿದ್ದ ವಾದ ವಿದ್ಯುತ್ ಸ್ಟೇಷನ್ನಿನ ಗೇಟಿಗೆ ಕೇಳಿಸುತ್ತಿತ್ತು. ಇಳಿದವರೇ "ಯಾರಿದೀರಿ ಶಿಫ್ಟಲ್ಲಿ?" ಎಂದು ಕೂಗಿದರೆ, ಅಂಗಳದ ಟ್ರಾನ್ಸ್‌ಫಾರ್ಮರುಗಳ ಗುಂಯ್‌ಗುಡುವ ಸದ್ದನ್ನೂ ದಾಟಿಕೊಂಡು ಆ ಪ್ರಶ್ನೆ ಕಂಟ್ರೋಲ್ ರೂಮಿನ ಕಿಟಕಿಗೆ ಬಂದು ಬಡಿಯುತ್ತಿತ್ತು. ಆಗ ಅಲ್ಲಿ ಆಪರೇಟರ್ ಆಗಿದ್ದ ನಾನು ಶಿಫ್ಟಿನಲ್ಲಿದ್ದರೆ "ನಾನು ಮೇಡಂ" ಎನ್ನುತ್ತಿದ್ದೆ. "ನೀನಾ? ಹಾಗಾದ್ರೆ ಕಾಫಿ ಚೆನ್ನಾಗಿರತ್ತೆ" ಎನ್ನುತ್ತ ಒಳಗೆ ಬರುತ್ತಿದ್ದರು.

ಕಳೆದ ತಿಂಗಳು ಅವರು ನಿವೃತ್ತರಾದರು. ಕೊಪ್ಪದಲ್ಲಿ ಒಂದು ಬೀಳ್ಕೊಡುಗೆ ನಡೆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಇತ್ತು. ಮಾತಾಡಿದವರೆಲ್ಲ ಮೇಡಂ ತಮಗೆ ಹೇಗೆ ಬೈದಿದ್ದರು ಎನ್ನುವುದನ್ನೇ ಹೇಳಿ ಸಭೆಯನ್ನು ನಗಿಸಿದರು. ನನ್ನನ್ನು ಕರೆದಾಗ "ಮೇಡಂ ನನಗೆ ಕೆಲಸ ಕಲಿಸಿದರು" ಎಂದಷ್ಟೇ ಹೇಳಿ ಬಂದು ಕುಳಿತೆ. ಹಾರದ ಹಿಂದಿನಿಂದ ಅವರು ಬಾಗಿ, "ಇಷ್ಟೇನಾ ಮಾರಾಯ್ತಿ?" ಎಂದರು.

ಇಷ್ಟೇ ಅಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಯಾರನ್ನು ಕೇಳಿ ಬರೆದೆ ಎಂದು ಬೈಸಿಕೊಳ್ಳಬೇಕಾಗುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರಿಗೆ ಹೆಸರು ಬೇಕಾಗಿಯೂ ಇಲ್ಲ. "ಹಗ್ಗದ ಮೇಡಂ" ಎಂದರೆ ಸಾಕು.

ಅವರು ವಿದ್ಯುತ್ ಇಲಾಖೆಯ ಪರೀಕ್ಷಾ ವಿಭಾಗದ ಇಂಜಿನಿಯರ್. ಈ ಮೂರು ತಾಲ್ಲೂಕುಗಳ ಸ್ಟೇಷನ್ನುಗಳಲ್ಲಿ, ಮಿಲ್ಲುಗಳಲ್ಲಿ, ಫ್ಯಾಕ್ಟರಿಗಳಲ್ಲಿ ಎಷ್ಟು ಕರೆಂಟು ಹರಿಯುತ್ತಿದೆ, ಅದನ್ನು ತೋರಿಸಬೇಕಾದ ಮೀಟರುಗಳು ನಿಜ ಹೇಳುತ್ತಿವೆಯೇ ಎಂದು ನೋಡುವುದು ಅವರ ಕೆಲಸ. ಮನೆಯ ಬಲ್ಬಿನ ಕರೆಂಟನ್ನು ಯಾರು ಬೇಕಾದರೂ ಅಳೆಯಬಹುದು. ಒಂದು ಊರಿಗೇ ಹೋಗುವ ಕರೆಂಟನ್ನು ನೇರವಾಗಿ ಮೀಟರಿನೊಳಗೆ ಬಿಡಲು ಬರುವುದಿಲ್ಲ. ಮೀಟರು ಸುಟ್ಟು ಕರಿಕಲಾಗುತ್ತದೆ. ಆದ್ದರಿಂದ ತಂತಿಯ ಸುತ್ತ ಒಂದು ಸುರುಳಿ ಇಡುತ್ತಾರೆ. ತಂತಿಯಲ್ಲಿ ಕರೆಂಟು ಹಿಂದಕ್ಕೂ ಮುಂದಕ್ಕೂ ಓಡಾಡಿದ ಹಾಗೆ ಅದರ ಸುತ್ತಲಿನ ಕಾಂತಶಕ್ತಿ ಏರಿ ಇಳಿಯುತ್ತದೆ. ಆ ಏರಿಳಿತಕ್ಕೆ ಸುರುಳಿಯಲ್ಲಿ ಒಂದು ಸಣ್ಣ ವೋಲ್ಟೇಜು ಹುಟ್ಟುತ್ತದೆ. ಆ ಸಣ್ಣದನ್ನು ಅಳೆದು ಆ ದೊಡ್ಡದನ್ನು ತಿಳಿದುಕೊಳ್ಳುವುದು.

ನಮ್ಮಲ್ಲಿ ಮೊದಲಿನಿಂದ ಇದ್ದದ್ದು ಕಬ್ಬಿಣದ ದವಡೆಯ ಕ್ಲ್ಯಾಂಪ್ ಮೀಟರು. ದಪ್ಪ ಕೇಬಲ್ಲಿಗೆ, ಅಗಲದ ತಾಮ್ರದ ಪಟ್ಟಿಗೆ ಅದರ ಬಾಯಿ ಸಾಲದು. ಮೇಡಂ ಬಂದ ಹೊಸದರಲ್ಲಿ ಮೇಲಿನವರಿಗೆ ಬರೆದು ಬರೆದು ಒಂದು ಹೊಸ ಸೆನ್ಸರ್ ತರಿಸಿಕೊಂಡರು. ನೋಡಲು ಥೇಟ್ ಹಗ್ಗ. ಬೆರಳ ಗಾತ್ರದ ಕಪ್ಪು ಹಗ್ಗದೊಳಗೆ ಕೂದಲಿನಂಥ ತಂತಿಯ ಸುರುಳಿ. ಬೇಕಾದ ಹಾಗೆ ಬಗ್ಗಿಸಿ, ಎಷ್ಟೇ ದಪ್ಪದ ಕೇಬಲ್ಲಾದರೂ ಅದರ ಸುತ್ತ ತಂದು ಎರಡು ತುದಿ ಸೇರಿಸಿ ಚಿಟಕ್ ಅನ್ನಿಸಿದರೆ ಆಯಿತು. ಮೊದಲ ದಿನ ನಮ್ಮ ಹಿರಿಯ ಲೈನ್‌ಮನ್ ಒಬ್ಬರು ಅದನ್ನು ನೋಡಿ, "ಎಂತ ಮೇಡಂ, ದನ ಕಟ್ಟೋಕೆ ಹೊರಟ್ರಾ?" ಎಂದು ನಕ್ಕಿದ್ದರು. "ಹೌದು. ಇವತ್ತು ಹಾಯೋ ದನಾನೇ ಕಟ್ಟೋದು, ಬನ್ನಿ" ಎಂದು ಅವರನ್ನು ಕರೆದುಕೊಂಡೇ ಹೋದರು. ಹಗ್ಗದ ಮೇಡಂ ಎಂಬ ಹೆಸರು ಅಲ್ಲಿಂದ ಶುರು.

ಅವರಿಗೆ ಸಂಕೋಚ ಎಂಬುದಿರಲಿಲ್ಲ. ತಾನು ಈ ಕೆಲಸದಲ್ಲಿ ಗಟ್ಟಿಗಿತ್ತಿ ಎಂದು ಅವರಿಗೆ ಗೊತ್ತಿತ್ತು. ಅದನ್ನು ಮುಚ್ಚಿಡುವ ಅಗತ್ಯವೂ ಅವರಿಗೆ ಕಾಣುತ್ತಿರಲಿಲ್ಲ. ಬಾಳೆಹೊನ್ನೂರಿನಲ್ಲಿ ಅವರ ಯಜಮಾನರದ್ದು ದಿನಸಿ ಅಂಗಡಿ. ಮದುವೆಯಾದ ಹೊಸದರಲ್ಲಿ ಅತ್ತೆ "ಸೊಸೆಗೆ ಕರೆಂಟ್ ಕೆಲಸ ಎಂತಕ್ಕೆ?" ಎಂದು ಕೇಳಿದ್ದಕ್ಕೆ, "ಕರೆಂಟಿಗೆ ನಾನು ಬೇಕಲ್ಲ ಅತ್ತೆ, ಅದಕ್ಕೆ" ಎಂದಿದ್ದರಂತೆ. ಅಂಗಳಕ್ಕೆ ಇಳಿಯುವ ಮುಂಚೆ ಬಳೆ, ಉಂಗುರ, ಸರ ಎಲ್ಲ ತೆಗೆದು ಟಿಫನ್ ಡಬ್ಬಿಯ ಖಾಲಿ ಬಟ್ಟಲಿಗೆ ಹಾಕುತ್ತಿದ್ದರು. ಹತ್ತಿಯ ಚೂಡಿದಾರ, ಗಂಡಸರ ದಪ್ಪ ಶೂ, ತಲೆಗೆ ಹೆಲ್ಮೆಟ್ಟು. ಒಂದು ರೀಡಿಂಗ್ ಬಂದರೆ ಅಲ್ಲಿಗೆ ಮುಗಿಸುತ್ತಿರಲಿಲ್ಲ. ಹಗ್ಗ ಬಿಚ್ಚಿ, ತಿರುವುಮುರುವು ಮಾಡಿ ಮತ್ತೊಮ್ಮೆ ಸುತ್ತುತ್ತಿದ್ದರು. "ಒಂದು ಸಲ ಬಂದಿದ್ದು ಬರೀ ಸುದ್ದಿ. ತಿರುಗಿಸಿ ಸುತ್ತಿದಾಗಲೂ ಅದೇ ಬಂದ್ರೆ ಆಗ ರೀಡಿಂಗು" ಎನ್ನುತ್ತಿದ್ದರು.

ಜಯಪುರದ ಹತ್ತಿರದ ಒಬ್ಬ ಅಕ್ಕಿ ಗಿರಣಿಯ ಮಾಲೀಕರು ಆನ್‌ಲೈನಿನಲ್ಲಿ ಒಂದು ಕ್ಲ್ಯಾಂಪ್ ಮೀಟರು ತರಿಸಿಕೊಂಡು, ತಮ್ಮ ಗಿರಣಿ ಕರೆಂಟನ್ನೇ ತಿನ್ನುತ್ತಿಲ್ಲ, ಇಲಾಖೆಯ ಮೀಟರು ಸುಮ್ಮನೆ ಓಡುತ್ತಿದೆ ಎಂದು ದೂರು ಕೊಟ್ಟರು. ಶಿಫ್ಟಿಲ್ಲದ ದಿನಗಳಲ್ಲಿ ಮೇಡಂ ನನ್ನನ್ನೂ ಜೀಪಿಗೆ ಹತ್ತಿಸಿಕೊಳ್ಳುತ್ತಿದ್ದರು. ನಾವು ಹೋದಾಗ ಆ ಮಾಲೀಕರು ದೊಡ್ಡ ಧೈರ್ಯದಿಂದ ಮೂರು ತಂತಿಗಳನ್ನೂ ಒಟ್ಟಿಗೆ ಸೇರಿಸಿ ಕ್ಲ್ಯಾಂಪಿನ ಬಾಯಿಗೆ ಕೊಟ್ಟು, "ನೋಡಿ ಮೇಡಂ, ಸೊನ್ನೆ!" ಎಂದರು. ಗಿರಣಿ ಮಾತ್ರ ಹಿಂದೆ ಗಡಗಡ ಎನ್ನುತ್ತಿತ್ತು. ಮೇಡಂ ನಗಲಿಲ್ಲ. ಅವರನ್ನೂ, ಡ್ರೈವರನ್ನೂ, ನನ್ನನ್ನೂ ಕರೆದು ಅಂಗಳದಲ್ಲಿ ಬಿದ್ದಿದ್ದ ಒಂದು ಕೋಲಿಗೆ ಮೂರು ಹಗ್ಗ ಕಟ್ಟಿಸಿ, ಮೂರು ದಿಕ್ಕಿಗೆ ಸಮನಾಗಿ ಎಳೆಯಿರಿ ಎಂದರು. ಎಳೆದೆವು. ಕೋಲು ಅಲ್ಲಾಡಲಿಲ್ಲ.

"ಕೋಲು ಅಲ್ಲಾಡಲಿಲ್ಲ ಅಂತ ನೀವು ಎಳೀಲೇ ಇಲ್ವಾ?"

"ಎಳೆದು ಕೈ ಕೆಂಪಾಗಿದೆಯಲ್ಲ ಮೇಡಂ!"

"ಹಾಗೇ ಅದೂ. ಮೂರನ್ನೂ ಒಟ್ಟಿಗೆ ನೋಡಿದ್ರೆ ಸೊನ್ನೆ. ಒಂದೊಂದಾಗಿ ನೋಡಿ."

ಆ ಮಾಲೀಕರು ಅವತ್ತು ದೂರನ್ನು ವಾಪಸು ತೆಗೆದುಕೊಂಡು, ನಮಗೆ ಊಟ ಹಾಕಿಸಿ ಕಳುಹಿಸಿದರು. ಬೀಳ್ಕೊಡುಗೆಗೂ ಬಂದಿದ್ದರು.

ಹೀಗಿದ್ದವರು ಒಂದು ಮಧ್ಯಾಹ್ನ ನರಸಿಂಹರಾಜಪುರದ ಕಚೇರಿಯಲ್ಲಿ ಕಾಫಿ ಕುಡಿಯುತ್ತ ಕುರ್ಚಿಯಿಂದ ಹಾಗೇ ಜಾರಿ ಕೆಳಗೆ ಬಿದ್ದರು. ಎಚ್ಚರ ಬಂದಾಗ "ಕಾಫಿ ಚೆಲ್ತಾ?" ಎಂದು ಕೇಳಿದರಂತೆ. ಇಲ್ಲಿಯ ಡಾಕ್ಟರು ನಾಡಿ ಹಿಡಿದು ನೋಡಿದವರೇ ಆಂಬುಲೆನ್ಸ್ ಹತ್ತಿಸಿ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಹೃದಯ ತಾನಾಗಿ ಕೊಡಬೇಕಾದ ತಾಳ ತಪ್ಪಿತ್ತು. ಎದೆಯ ಚರ್ಮದಡಿಯಲ್ಲಿ ಒಂದು ಪೇಸ್‌ಮೇಕರ್ ಇಟ್ಟರು. ಹೃದಯ ಮರೆತರೆ ಒಂದು ಸಣ್ಣ ಕರೆಂಟು ಕೊಟ್ಟು ನೆನಪಿಸುವ ಯಂತ್ರ.

ಅದನ್ನಿಟ್ಟ ಡಾಕ್ಟರು ಅವರ ಕೆಲಸ ಏನೆಂದು ಕೇಳಿ ಗಾಬರಿಯಾದರು. ದೊಡ್ಡ ಕರೆಂಟು ಹರಿಯುವ ತಂತಿಯ ತೀರ ಹತ್ತಿರ ಹೋದರೆ ಅದರ ಕಾಂತಶಕ್ತಿ ಎದೆಯೊಳಗಿನ ಯಂತ್ರವನ್ನು ಗಲಿಬಿಲಿ ಮಾಡಬಹುದು, ಇನ್ನು ಆ ಕಡೆ ಸುಳಿಯಬೇಡಿ ಎಂದರು. ನಾನು ನೋಡಲು ಹೋದಾಗ ಅವರ ಯಜಮಾನರು ಹಾಸಿಗೆಯ ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತ ಕುಳಿತಿದ್ದರು. ಬಹಳ ಮೆದು ಮಾತಿನ ಮನುಷ್ಯ.

"ಸಾಕು ಬಿಡು ಮಾರಾಯ್ತಿ. ಅಂಗಡೀಲಿ ಕೂತ್ಕೋ. ನಿಂಗೆ ಬೈಯೋಕೆ ಅಲ್ಲೂ ಜನ ಬರ್ತಾರೆ" ಎಂದರು ಅವರು.

ಮೇಡಂ ನನ್ನ ಕಡೆ ತಿರುಗಿ, "ಡಾಕ್ಟ್ರು ದೂರ ಇರಿ ಅಂದ್ರು. ಎಷ್ಟು ದೂರ ಅಂತ ಹೇಳಲಿಲ್ಲ. ದೂರ ಅನ್ನೋದಕ್ಕೆ ಒಂದು ಅಳತೆ ಬೇಡವಾ?" ಎಂದರು.

ರಜೆ ಮುಗಿಯುವುದರೊಳಗೆ ಅವರು ಆ ಯಂತ್ರ ತಯಾರಿಸಿದವರಿಗೆ ಫೋನ್ ಮಾಡಿ, ಡಾಕ್ಟರನ್ನು ಮತ್ತೆ ಮತ್ತೆ ಕೇಳಿ, ಎಷ್ಟು ಕಾಂತಶಕ್ತಿಯವರೆಗೆ ಭಯವಿಲ್ಲ ಎಂಬುದನ್ನು ತಿಳಿದುಕೊಂಡರು. ಆಮೇಲೆ ನನ್ನ ಕೈಗೆ ಅದನ್ನು ಅಳೆಯುವ ಚಿಕ್ಕ ಉಪಕರಣ ಕೊಟ್ಟು, ಪ್ರತಿ ಸ್ಟೇಷನ್ನಿನಲ್ಲೂ ಲೋಡು ಹೆಚ್ಚಿರುವ ಹೊತ್ತಿನಲ್ಲಿ ಗೇಟಿನಿಂದ ಒಳಕ್ಕೆ ನಡೆಸಿದರು. ನಾನು ಒಂದೊಂದು ಹೆಜ್ಜೆಗೆ ಅಂಕಿ ಕೂಗುತ್ತಿದ್ದೆ. "ಅಲ್ಲೇ ನಿಲ್ಲು!" ಎಂದ ಜಾಗದಿಂದ ಒಂದಷ್ಟು ಹಿಂದೆ ಬಂದು ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೆಸಿದರು. ಎಲ್ಲವನ್ನೂ ಡಾಕ್ಟರಿಗೆ ತೋರಿಸಿ ಒಪ್ಪಿಗೆ ಪಡೆದರು. ಗೆರೆಯ ಈಚೆ ಮೇಡಂ, ಆಚೆ ನಾವು.

ಮೇಲಿನವರಿಗೆ ಇದು ಅಷ್ಟು ಹಿಡಿಸಲಿಲ್ಲ. ಗೆರೆಯಾಚೆ ಹೋಗಲಾರದ ಪರೀಕ್ಷಾ ಇಂಜಿನಿಯರ್ ಯಾಕೆ ಬೇಕು ಎಂಬ ಮಾತು ಬಂತು. ಅವರನ್ನು ಬಿಲ್ಲಿನ ವಿಭಾಗಕ್ಕೆ ಹಾಕುವ ಪ್ರಸ್ತಾಪ ಹೋಯಿತು. ಕೆಟ್ಟ ಮನಸ್ಸಿನಿಂದೇನೂ ಅಲ್ಲ; ಡಿವಿಷನ್ನಿಗೆ ಹೊಸದಾಗಿ ಬಂದಿದ್ದ ಸಾಹೇಬರಿಗೆ ಅವರ ಜೀವದ ಚಿಂತೆಯೂ ಇತ್ತು. ಮೇಡಂ ಆರು ತಿಂಗಳು ಸಮಯ ಕೇಳಿದರು. ಸಾಹೇಬರು ಕೊಟ್ಟರು.

ಆ ದಿನಗಳಲ್ಲಿ ಅವರಿಗೆ ಎಷ್ಟು ಕಷ್ಟವಾಗುತ್ತಿತ್ತು ಎಂಬುದು ನನಗೆ ಗೊತ್ತು. ನಾನು ಒಳಗೆ ಹಗ್ಗ ಸುತ್ತುವಾಗ ಗೆರೆಯ ಹೊರಗೆ ನಿಂತ ಅವರ ಎರಡೂ ಕೈಗಳು ಗಾಳಿಯಲ್ಲಿ ತಿರುಗುತ್ತಿದ್ದವು. ತಮಗೇ ಗೊತ್ತಿಲ್ಲದೆ ಅವರೂ ಸುತ್ತುತ್ತಿದ್ದರು. ಒಮ್ಮೆ ನಾನು ಅದನ್ನು ನೋಡಿದ್ದನ್ನು ಅವರು ನೋಡಿದರು. ಕೈ ಕಟ್ಟಿಕೊಂಡು ಬೇರೆ ಕಡೆ ತಿರುಗಿದರು. ಅವತ್ತು ವಾಪಸು ಬರುವಾಗ ಜೀಪಿನಲ್ಲಿ ವಾದ ಇರಲಿಲ್ಲ. ಡ್ರೈವರು ಕನ್ನಡಿಯಲ್ಲಿ ನನ್ನ ಮುಖ ನೋಡಿ ಏನಾಯಿತು ಎಂದು ಹುಬ್ಬು ಹಾರಿಸಿದ. ಕೊಪ್ಪ ಹತ್ತಿರ ಬಂದಾಗ ಅವರು ತಾವಾಗಿಯೇ, "ಇಷ್ಟು ವರ್ಷ ನನ್ನ ಕೈ ಒಂದನ್ನೇ ನಂಬಿದ್ದೆ. ಬೇರೆಯವರದ್ದು ನಂಬೋದು ನಂಗೆ ಬರಲ್ಲ ಮಾರಾಯ್ತಿ. ಕಲೀಬೇಕು" ಎಂದರು.

ಅವರು ಅದನ್ನು ಕಲಿತದ್ದು ಒಂದೇ ದಿನದಲ್ಲಿ. ಆ ದಿನ ನಾನಿದ್ದೆ.

ಯಾವ ಸ್ಟೇಷನ್ ಎಂದು ಹೇಳುವುದಿಲ್ಲ; ಅಲ್ಲಿ ಈಗಲೂ ನನ್ನ ಜೊತೆಯವರು ಇದ್ದಾರೆ. ಮಳೆಗಾಲದ ಕೊನೆಯ ದಿನಗಳು. ಒಂದು ಪೇಟೆಗೆ ಹೋಗುವ ಮುಖ್ಯ ಲೈನು ದಿನಕ್ಕೆರಡು ಸಲ ಟ್ರಿಪ್ ಆಗುತ್ತಿತ್ತು. ಕರೆಂಟು ಎಲ್ಲೋ ನೆಲಕ್ಕೆ ಸೋರುತ್ತಿದೆ ಎಂದು ಪ್ಯಾನೆಲ್ಲಿನಲ್ಲಿರುವ ಕಾವಲು ಉಪಕರಣ ರಿಲೇ ಹೇಳುವುದು, ಬ್ರೇಕರು ಬಿದ್ದು ಲೈನು ನಿಲ್ಲುವುದು. ಮಲೆನಾಡಿನಲ್ಲಿ ಇದು ಹೊಸತಲ್ಲ. ಎಲ್ಲೋ ಕೊಂಬೆ ತಾಗಿರುತ್ತದೆ ಎಂದು ಲೈನ್‌ಮನ್‌ಗಳು ಲೈನಿನುದ್ದಕ್ಕೂ ನಡೆದು, ಕೊಂಬೆ ಕಡಿದು, ಒದ್ದೆಯಾಗಿ ಜಿಗಣೆ ಕಚ್ಚಿಸಿಕೊಂಡು ಬಂದರು. ಏನೂ ಸಿಗಲಿಲ್ಲ. ಪೇಟೆಯವರ ಫೋನು ನಿಲ್ಲಲಿಲ್ಲ. ಲಾಡ್ಜಿನವರು, ನೀರು ಬಿಡುವವರು, ಆಸ್ಪತ್ರೆಯವರು, ಎಲ್ಲರೂ ಸಾಹೇಬರಿಗೇ ಫೋನ್ ಮಾಡುತ್ತಿದ್ದರು.

ಬೆಳಿಗ್ಗೆ ಸಾಹೇಬರೇ ಸ್ಟೇಷನ್ನಿಗೆ ಬಂದರು. ಮೇಡಂ ಜೀಪೂ ಬಂತು.

"ಲೈನ್ ಸರಿ ಇದೆ ಅಂತಾರೆ ಮೇಡಂ. ರಿಲೇನೇ ಅತಿಸೂಕ್ಷ್ಮ ಆಗಿದೆ. ಸೆಟ್ಟಿಂಗ್ ಸ್ವಲ್ಪ ಏರಿಸಿಬಿಡಿ" ಎಂದರು ಸಾಹೇಬರು.

"ಏರಿಸಬಹುದು ಸರ್. ಅದು ಸುಳ್ಳು ಹೇಳ್ತಿದೆ ಅಂತ ಗೊತ್ತಾದ ಮೇಲೆ."

ಪ್ಯಾನೆಲ್ಲಿನ ಮೀಟರು ಮೂರು ಫೇಸಿನಲ್ಲೂ ಸಮನಾದ ಕರೆಂಟು ತೋರಿಸುತ್ತಿತ್ತು. ಒಂದು ದೋಷವೂ ಕಾಣುತ್ತಿರಲಿಲ್ಲ. ಮೇಡಂ ಹಳದಿ ಗೆರೆಯ ಹತ್ತಿರ ನಿಂತು ಅಂಗಳವನ್ನೇ ನೋಡುತ್ತಿದ್ದರು. ಅಲ್ಲಿ ಹುಲ್ಲು ಕೀಳುವ ಕೆಲಸದ ಮೂವರು ಹೆಂಗಸರು ಚಹಾ ಕುಡಿಯಲು ಕುಳಿತಿದ್ದರು. ಕಟ್ಟಡದಿಂದ ಹೊರಗಿನ ಕಂಬದವರೆಗೆ ನೆಲದಲ್ಲಿ ಒಂದು ಕಾಲುವೆ ಇದೆ. ಲೈನಿನ ಕೇಬಲ್ಲುಗಳು ಅದರೊಳಗೆ ಹೋಗುತ್ತವೆ. ಮೇಲೆ ಕಾಂಕ್ರೀಟಿನ ಹಲಗೆ ಮುಚ್ಚಿರುತ್ತದೆ. ಅವರು ಕುಳಿತಿದ್ದದ್ದು ಆ ಹಲಗೆಗಳ ಮೇಲೆ, ಕಂಬದ ಪಕ್ಕದ ಕೊನೆಯಲ್ಲಿ.

"ಏ, ವರಾಂಡದಲ್ಲಿ ಕೂತ್ಕೊಳ್ಳೋದು ಬಿಟ್ಟು ಅಲ್ಲಿ ಯಾಕೆ ಕೂತ್ರಿ? ಒದ್ದೆ ಅಲ್ವಾ?" ಎಂದು ಮೇಡಂ ಕೂಗಿ ಕೇಳಿದರು. ಅದು ಮಾಮೂಲಿ ಬೈಗುಳವೇ.

ಅವರಲ್ಲಿ ದೊಡ್ಡವಳು ನಕ್ಕಳು. "ಒದ್ದೆ ಇಲ್ಲ ಅಮ್ಮ. ಇಲ್ಲಿ ಕಲ್ಲು ಬೆಚ್ಚಗಿರತ್ತೆ. ಈ ಚಳಿಗೆ ಹಾಯಾಗಿರತ್ತೆ. ಊಟಕ್ಕೂ ನಾವು ಇಲ್ಲೇ ಕೂರೋದು."

ಮೇಡಂ ಮುಖದಲ್ಲಿ ನಗು ಹೋಯಿತು. "ಎದ್ದೇಳಿ. ಮೂರೂ ಜನ ಈಗಲೇ ಎದ್ದು ಈ ಕಡೆ ಬನ್ನಿ. ಲೋಟ ಅಲ್ಲೇ ಬಿಡಿ" ಎಂದರು. ಆ ಧ್ವನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಹೆಂಗಸರು ಬಂದು ನಿಂತ ಮೇಲೆ ಕೇಳಿದರು, "ಯಾವಾಗಿನಿಂದ ಬೆಚ್ಚಗಿದೆ?"

"ಒಂದು ವಾರದಿಂದ ಇರಬಹುದು ಅಮ್ಮ. ಮೊದಲು ಇರಲಿಲ್ಲ."

ಪ್ರತಿ ಫೇಸಿಗೂ ಆ ಕಾಲುವೆಯಲ್ಲಿ ಎರಡೆರಡು ಕೇಬಲ್ಲು. ಕರೆಂಟು ಹೆಚ್ಚಿರುವುದರಿಂದ ಎರಡೂ ಅರ್ಧರ್ಧ ಹೊರಬೇಕು. ಪ್ಯಾನೆಲ್ಲಿನ ಮೀಟರಿಗೆ ಎರಡೂ ಸೇರಿದ ಒಟ್ಟು ಮಾತ್ರ ಕಾಣುತ್ತದೆ; ಯಾವುದು ಎಷ್ಟು ಹೊರುತ್ತಿದೆ ಎಂದು ಅದಕ್ಕೆ ತಿಳಿಯದು. ಅದನ್ನು ತಿಳಿಯಬೇಕಾದರೆ ಕಟ್ಟಡದ ಒಳಗಿನ ಕೇಬಲ್ ಕೋಣೆಗೆ ಇಳಿದು ಒಂದೊಂದರ ಸುತ್ತಲೂ ಹಗ್ಗ ಸುತ್ತಬೇಕು. ಆ ಕೋಣೆ ಹಳದಿ ಗೆರೆಯಿಂದ ಬಹಳ ಒಳಗೆ.

ಕೈಗವಸು ಹಾಕಿಕೊಂಡು ನಾನು ಇಳಿದೆ. ಜೊತೆಗೆ ಆ ಹಿರಿಯ ಲೈನ್‌ಮನ್ ಟಾರ್ಚು ಹಿಡಿದು ನಿಂತರು. ಬಾಗಿಲಿನ ಬಳಿ ಒಬ್ಬ ಸಹಾಯಕ ನಿಂತು ನನ್ನ ಅಂಕಿಗಳನ್ನು ಮೇಡಂಗೆ ಕೂಗಿ ಹೇಳುತ್ತಿದ್ದ. ಮೊದಲ ಫೇಸು: ಎರಡೂ ಸಮ. ಎರಡನೆಯದು: ಹೆಚ್ಚುಕಡಿಮೆ ಸಮ. ಮೂರನೆಯದರ ಮೊದಲ ಕೇಬಲ್ಲಿಗೆ ಹಗ್ಗ ಸುತ್ತಿದಾಗ ಮೀಟರು ಏಳು ಆಂಪಿಯರ್ ತೋರಿಸಿತು. ಹಗ್ಗದ ತುದಿ ಸರಿಯಾಗಿ ಕೂರಲಿಲ್ಲವೇನೋ ಎಂದು ಮತ್ತೆ ಕೂರಿಸಿದೆ. ಏಳೇ. ಪಕ್ಕದ್ದಕ್ಕೆ ಸುತ್ತಿದೆ. ಇನ್ನೂರ ಎಂಬತ್ತು ದಾಟಿತು. ಅಷ್ಟು ಹೊತ್ತಿಗೆ ಲೈನ್‌ಮನ್ ಮೂಗು ಅರಳಿಸಿ, "ಮೇಣ ಸುಟ್ಟ ವಾಸನೆ ಬರ್ತಾ ಉಂಟಲ್ಲ?" ಎಂದರು.

"ತಿರುಗಿಸಿ ಸುತ್ತು!" ಎಂದು ಹೊರಗಿನಿಂದ ಮೇಡಂ ಧ್ವನಿಯೇ ನೇರವಾಗಿ ಬಂತು. ತಿರುಗಿಸಿ ಸುತ್ತಿದೆ. ಅದೇ ಬಂತು. ಅಂಕಿ ಅಲ್ಲಾಡಲಿಲ್ಲ.

ಹೊರಗೆ ಬಂದಾಗ ಮೇಡಂ ಸಾಹೇಬರಿಗೆ ಹೇಳುತ್ತಿದ್ದರು. "ಇಬ್ಬರು ಹೊರಬೇಕಾದ್ದನ್ನ ಒಬ್ಬ ಹೊರ್ತಾ ಇದಾನೆ ಸರ್. ಒಂದು ಕೇಬಲ್ಲಿನ ತುದಿ ಕಂಬದ ಹತ್ರ ಹೆಚ್ಚುಕಡಿಮೆ ಕಿತ್ತೇ ಹೋಗಿದೆ. ಇನ್ನೊಂದು ಕಾದು ಅದರ ಹೊದಿಕೆ ಹೋಗ್ತಿದೆ. ಅದು ನೆಲಕ್ಕೆ ಸೋರೋದನ್ನೇ ರಿಲೇ ಹೇಳ್ತಿರೋದು. ಸೆಟ್ಟಿಂಗ್ ಏರಿಸಿದ್ರೆ ಬಾಯಿ ಮುಚ್ಚಿಸಿದ ಹಾಗೆ. ಆಮೇಲೆ ಕೇಬಲ್ಲೇ ಸಿಡಿಯತ್ತೆ. ಲೈನ್ ನಿಲ್ಲಿಸಬೇಕು, ಇವತ್ತು ಇಡೀ ದಿನ."

"ಇಡೀ ದಿನ! ಮೇಡಂ, ಆಸ್ಪತ್ರೇಲಿ ಡಯಾಲಿಸಿಸ್ ನಡೀತಿದೆ. ಪ್ಯಾನೆಲ್ ಸರಿ ತೋರಿಸ್ತಿದೆ, ಒಬ್ಬರ ಒಂದು ರೀಡಿಂಗ್ ನಂಬಿ ಹೇಗೆ ನಿಲ್ಲಿಸಲಿ? ನೀವೇ ಒಂದು ಸಲ ಒಳಗೆ ಹೋಗಿ ಅಳೆದು ಹೇಳಿ. ನಾನು ಒಪ್ಪಿಬಿಡ್ತೀನಿ."

ಅವರು ಮೇಡಂ ಎದೆಯ ಯಂತ್ರವನ್ನು ಆ ಗಡಿಬಿಡಿಯಲ್ಲಿ ಮರೆತೇ ಬಿಟ್ಟಿದ್ದರು ಎಂದು ನನಗನಿಸುತ್ತದೆ. ಮೇಡಂ ಮರೆತಿರಲಿಲ್ಲ. ಅವರು ಒಮ್ಮೆ ಗೆರೆ ನೋಡಿದರು. ಒಮ್ಮೆ ನನ್ನ ಕೈಯಲ್ಲಿದ್ದ ಹಗ್ಗ ನೋಡಿದರು. ಅವರು ಹೋಗಿಯೇಬಿಡುತ್ತಾರೆ ಎಂದು ನಾನು ಅಂದುಕೊಂಡೆ. ಅಷ್ಟು ವರ್ಷ ಅವರನ್ನು ನೋಡಿದ ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು. ಹೋದರೆ ಏನೂ ಆಗದೆಯೂ ಇರಬಹುದಿತ್ತು. ಹೋಗದಿದ್ದರೆ, ಗೆರೆಯಾಚೆ ಹೋಗಲಾರದವರು ಯಾಕೆ ಬೇಕು ಎಂದವರ ಮಾತನ್ನು ಅವರೇ ಎಲ್ಲರೆದುರು ಒಪ್ಪಿಕೊಂಡ ಹಾಗೆ. ಬಿಲ್ಲಿನ ವಿಭಾಗದ ಕುರ್ಚಿ ಇನ್ನೂ ಅವರಿಗಾಗಿ ಖಾಲಿಯಿತ್ತು.

"ಸರ್, ನಾನು ಹೋದ್ರೂ ಅದೇ ಸೆನ್ಸರು, ಅದೇ ಕೇಬಲ್ಲು. ನನ್ನ ಮುಖ ನೋಡಿ ಅಂಕಿ ಬದಲಾಗಲ್ಲ" ಎಂದರು ಮೇಡಂ. "ಇವಳು ಎರಡು ಸಲ ಸುತ್ತಿದಾಳೆ, ತಿರುಗಿಸಿ ಸುತ್ತಿದಾಳೆ. ಇದು ನನ್ನ ರೀಡಿಂಗು ಅಂತಲೇ ಬರ್ಕೊಳ್ಳಿ. ತಪ್ಪಾದ್ರೆ ನಾಳೆಯಿಂದ ನನ್ನನ್ನ ಎಲ್ಲಿಗೆ ಬೇಕಾದ್ರೂ ಹಾಕಿ, ಮಾತಾಡಲ್ಲ."

ಸಾಹೇಬರು ನನ್ನ ಕಡೆ ತಿರುಗಿ, "ನಿಮಗೆ ಖಾತ್ರಿ ಇದೆಯಾ?" ಎಂದರು.

"ಇದೆ ಸರ್" ಎಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

ಮೇಡಂ ಅಷ್ಟರಲ್ಲಿ ಆಸ್ಪತ್ರೆಗೆ ಫೋನ್ ಮಾಡಿದ್ದರು. ಎದೆಯ ಎಡಭಾಗದ ಪೇಸ್‌ಮೇಕರಿನಿಂದ ದೂರವಿರಲೆಂದು ಬಲಗಿವಿಗೆ ಹಿಡಿದು ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದರು. ಅಲ್ಲಿಯ ಡಾಕ್ಟರು, ಮೆಷಿನ್ನಿನ ಮೇಲೆ ಇಬ್ಬರಿದ್ದಾರೆ, ಜನರೇಟರನ್ನು ನೆಚ್ಚಿಕೊಳ್ಳುವ ಹಾಗಿಲ್ಲ, ಒಂದು ಗಂಟೆ ಕೊಡಿ, ಅವರದ್ದು ಮುಗಿಯುತ್ತದೆ ಎಂದರು.

"ಕೊಟ್ಟೆ" ಎಂದರು ಮೇಡಂ. ಫೋನ್ ಇಟ್ಟವರೇ ಸಾಹೇಬರಿಗೆ, "ನೀವು ಲಾಡ್ಜಿನವರಿಗೆ, ನೀರಿನವರಿಗೆ ಹೇಳಿ ಸರ್. ಗೀಸರು, ಪಂಪು ಎಲ್ಲ ಒಂದು ಗಂಟೆ ಬಂದ್ ಮಾಡಲಿ. ಲೋಡು ಇಳಿದ್ರೆ ಕೇಬಲ್ಲು ತಡ್ಕೊಳ್ಳತ್ತೆ" ಎಂದರು. ಸಾಹೇಬರು ತಕ್ಷಣ ಫೋನ್ ಹಿಡಿದರು. ಆಮೇಲೆ ಅವರು ಒಂದು ಮಾತೂ ಎದುರಾಡಲಿಲ್ಲ. ನಿಂತಲ್ಲೇ ನಿಂತು ಒಬ್ಬೊಬ್ಬರಿಗೂ ಬೇಡಿಕೊಳ್ಳುವ ಧಾಟಿಯಲ್ಲಿ ಹೇಳಿದ್ದನ್ನು ನಾನು ಕೇಳಿದ್ದೇನೆ.

ಅಂಗಳ ಖಾಲಿ ಮಾಡಿಸಿದರು. ನಾನು ಕಂಟ್ರೋಲ್ ರೂಮಿನಲ್ಲಿ ಬ್ರೇಕರಿನ ಹಿಡಿಯ ಹತ್ತಿರ ನಿಂತೆ. ಪ್ಯಾನೆಲ್ಲಿನ ಮುಳ್ಳು ನಿಧಾನವಾಗಿ ಇಳಿಯಿತು. ಇನ್ನೂರು, ನೂರ ಐವತ್ತು. ಪೇಟೆಯಲ್ಲಿ ಯಾರೋ ಒಬ್ಬೊಬ್ಬರಾಗಿ ಸ್ವಿಚ್ಚು ಆರಿಸುತ್ತಿರುವುದು ಆ ಮುಳ್ಳಿನಲ್ಲಿ ಕಾಣುತ್ತಿತ್ತು. ಮೇಡಂ ಕಿಟಕಿಯ ಹೊರಗೆ ಗೆರೆಯ ಈಚೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಆ ಹೊತ್ತಿನಲ್ಲಿ ರಿಲೇ ಬಿದ್ದರೂ ಕಷ್ಟ, ಬೀಳದೆ ಕೇಬಲ್ಲು ಸಿಡಿದರೂ ಕಷ್ಟ. "ಎಷ್ಟಿದೆ?" ಎಂದು ಆಗಾಗ ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. "ಸರಿ" ಎನ್ನುತ್ತಿದ್ದರು. ಅಷ್ಟೇ ಮಾತು.

ಆಸ್ಪತ್ರೆಯಿಂದ ಫೋನ್ ಬಂತು. "ತೆಗಿ" ಎಂದರು ಮೇಡಂ. ಬ್ರೇಕರು ತೆಗೆದೆ. ಲೈನ್‌ಮನ್‌ಗಳು ಲೈನು ಸತ್ತಿದೆ ಎಂದು ಪರೀಕ್ಷಿಸಿ, ತಂತಿಗಳನ್ನು ನೆಲಕ್ಕೆ ಜೋಡಿಸಿ ಅರ್ತ್ ಮಾಡಿ, ಕಂಬದ ಬುಡದ ಹಲಗೆಗಳನ್ನು ಎತ್ತಿದರು.

ಒಂದು ಕೇಬಲ್ಲಿನ ತುದಿಯನ್ನು ಲೈನಿಗೆ ಸೇರಿಸುವ ತಾಮ್ರದ ಹಿಡಿ ಕರಿಕಲಾಗಿ ಸೀಳಿ, ಒಂದು ಎಳೆಯಷ್ಟೇ ತಾಗಿಕೊಂಡಿತ್ತು. ಇನ್ನೊಂದರ ಹೊದಿಕೆ, ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಸಿಪ್ಪೆಯ ಹಾಗೆ ಉಬ್ಬಿ ಸುಲಿದಿತ್ತು. ಜಾಯಿಂಟ್ ಮಾಡಲು ಬಂದವನು ಅದನ್ನು ನೋಡಿ, "ಇದು ನಾಳೆಯ ಬೆಳಗು ಕಾಣ್ತಿರಲಿಲ್ಲ" ಎಂದ. ಹುಲ್ಲು ಕೀಳುವ ಹೆಂಗಸರು ದೂರದಿಂದಲೇ ನೋಡಿದರು. ದೊಡ್ಡವಳು ಸೆರಗು ಬಾಯಿಗೆ ಇಟ್ಟುಕೊಂಡಳು. ತಾನು ದಿನವೂ ಬುತ್ತಿ ಬಿಚ್ಚುತ್ತಿದ್ದ ಹಲಗೆ ಅದು. ಮೇಡಂ ಅವಳ ಹೆಗಲ ಮೇಲೆ ಕೈಯಿಟ್ಟು, "ನೀನು ಹೇಳಿದ್ದಕ್ಕೆ ಆಯ್ತು. ಇನ್ನು ಊಟಕ್ಕೆ ನಮ್ಮ ರೂಮಿಗೆ ಬನ್ನಿ. ಇವಳು ಕಾಫಿ ಚೆನ್ನಾಗಿ ಮಾಡ್ತಾಳೆ" ಎಂದರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊಸ ಜಾಯಿಂಟು ಆಗಿ ಲೈನು ಚಾಲೂ ಆಯಿತು. ನಾನು ಮತ್ತೆ ಇಳಿದು ಆರೂ ಕೇಬಲ್ಲುಗಳನ್ನು ಅಳೆದೆ. ಎಲ್ಲವೂ ತಮ್ಮ ಪಾಲು ಹೊರುತ್ತಿದ್ದವು. ಸಾಹೇಬರು ಹೋಗುವ ಮುಂಚೆ ಮೇಡಂ ಎದುರು ನಿಂತು, "ಬೆಳಿಗ್ಗೆ ನಿಮಗೆ ಒಳಗೆ ಹೋಗಿ ಅಂದೆನಲ್ಲ... ನನಗೆ ಆಮೇಲೆ ನೆನಪಾಯ್ತು" ಎಂದರು. ಅವರ ಮುಖ ಬಾಡಿತ್ತು.

"ನೀವು ಅಂದ್ರಿ, ನಾನು ಹೋಗಲಿಲ್ಲ. ಮುಗೀತು ಸರ್. ಆದ್ರೆ ನಂಗೆ ಇವಳು ಬೇಕು. ಪರೀಕ್ಷಾ ವಿಭಾಗಕ್ಕೆ ಹಾಕಿಕೊಡಿ."

ಬಿಲ್ಲಿನ ವಿಭಾಗದ ಮಾತು ಮತ್ತೆ ಬರಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ನನಗೆ ವರ್ಗಾವಣೆಯಾಯಿತು. ನೆಮ್ಮಾರಿನಲ್ಲಿದ್ದ ನನ್ನ ಅಮ್ಮ ಸುದ್ದಿ ಕೇಳಿ, "ಎಂತ ಕೂಸೆ, ಆ ಬೈಯೋ ಹೆಂಗಸಿನ ಜೊತೆಗಾ?" ಎಂದು ಕಳವಳಪಟ್ಟಳು. ಆಮೇಲೆ ಮೇಡಂ ಒಮ್ಮೆ ನಮ್ಮ ಮನೆಗೆ ಬಂದು, ಅಮ್ಮನ ಮಿಕ್ಸಿ ರಿಪೇರಿ ಮಾಡಿ, ಅದನ್ನು ಹಾಳು ಮಾಡಿದ್ದಕ್ಕೆ ಅಮ್ಮನಿಗೇ ಬೈದು ಹೋದ ಮೇಲೆ ಇಬ್ಬರೂ ಫೋನಿನಲ್ಲಿ ಮಾತಾಡಿಕೊಳ್ಳತೊಡಗಿದರು.

ನಿವೃತ್ತಿಯವರೆಗಿನ ಆ ವರ್ಷಗಳು ನನ್ನ ಕೆಲಸದ ಬದುಕಿನ ಒಳ್ಳೆಯ ವರ್ಷಗಳು. ಶೃಂಗೇರಿ ರಸ್ತೆಯ ತಿರುವುಗಳಲ್ಲಿ ಜೀಪು ಓಲಾಡುವಾಗ ಅವರು ಪ್ರಶ್ನೆ ಕೇಳುತ್ತಿದ್ದರು, ನಾನು ಉತ್ತರಿಸುತ್ತಿದ್ದೆ, ಡ್ರೈವರು ನಡುವೆ ಬಾಯಿ ಹಾಕಿ ಬೈಸಿಕೊಳ್ಳುತ್ತಿದ್ದ. ಗೆರೆಯ ಹೊರಗೆ ನಿಂತ ಅವರ ಕೈಗಳು ಗಾಳಿಯಲ್ಲಿ ತಿರುಗುವುದು ಬರಬರುತ್ತ ಕಡಿಮೆಯಾಗಿ, ಕೊನೆಗೆ ನಿಂತೇಹೋಯಿತು. ಯಾವಾಗ ನಿಂತಿತು ಎಂದು ನಾನು ಗಮನಿಸಲೇ ಇಲ್ಲ.

ಅವರು ನಿವೃತ್ತರಾದ ಮೇಲೆ ಮೊದಲ ದೊಡ್ಡ ಕೆಲಸ ಬಂದದ್ದು ಹೋದ ವಾರ, ನರಸಿಂಹರಾಜಪುರದ ಕಡೆಯ ಒಂದು ಫ್ಯಾಕ್ಟರಿಯಲ್ಲಿ. ಮುಖ್ಯ ತಾಮ್ರದ ಪಟ್ಟಿಗಳ ಕರೆಂಟು ಅಳೆಯಬೇಕಿತ್ತು. ಒಂದು ಪಟ್ಟಿಯ ಅಂಕಿ ಇರಬೇಕಾದ್ದಕ್ಕಿಂತ ಬಹಳ ಹೆಚ್ಚು. ತಿರುಗಿಸಿ ಸುತ್ತಿದೆ, ಜಾಗ ಬದಲಿಸಿ ಸುತ್ತಿದೆ. ಫ್ಯಾಕ್ಟರಿ ನಿಲ್ಲಿಸಿ ಎಂದು ಹೇಳಬೇಕಾದ ಅಂಕಿ. ಮ್ಯಾನೇಜರು, ಅವರ ಇಂಜಿನಿಯರುಗಳು, ಕೆಲಸಗಾರರು ಎಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಹೊರಗೆ ಬಂದು ಬಾಳೆಹೊನ್ನೂರಿಗೆ ಫೋನ್ ಮಾಡಿದೆ.

ಅಂಗಡಿಯ ಗಲಾಟೆ ಕೇಳುತ್ತಿತ್ತು. ಯಾರೋ ತೊಗರಿಬೇಳೆ ಕೇಳುತ್ತಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿದೆ. 

"ನಿಂಗೆ ಏನನ್ಸತ್ತೆ?"

"ನಿಲ್ಲಿಸಬೇಕು ಅನ್ಸತ್ತೆ ಮೇಡಂ."

"ಮತ್ತೆ ನಂಗ್ಯಾಕೆ ಫೋನ್ ಮಾಡ್ದೆ? ಅಳೆದಿದ್ದು ನೀನು, ಅಲ್ಲಿ ನಿಂತಿರೋದು ನೀನು. ನಂಗೆ ಇಲ್ಲಿ ಗಿರಾಕಿ ಕಾಯ್ತಿದಾರೆ" ಎಂದು ಫೋನ್ ಇಟ್ಟುಬಿಟ್ಟರು.

ನಾನು ಫೋನನ್ನು ಜೇಬಿಗೆ ಹಾಕಿದೆ. ಆಮೇಲೆ ಒಳಗೆ ಹೋಗಿ, ಮೆಷಿನ್ನುಗಳ ಸದ್ದಿನ ಮೇಲೆ ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ: "ನಿಲ್ಲಿಸಿ."